ಅಂಗೈ ಹುಣ್ಣಿಗೆ ಬೇಕಾದ ಕನ್ನಡಿ

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೊರಟವರಿಗೆ ಪೀರನವಾಡಿ ದಾಟಿದ ಮೇಲೆ ಸಿಗುವ ಊರು ಮಚ್ಛೆ. ಇಂದು ಆ ಹೆಸರು ಕೇಳಿದವರಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ನೆನಪಾಗುತ್ತದೆ. ಇಲ್ಲವೆ ಅಲ್ಲಿಯ ಕಾರ್ಖಾನೆಗಳು ನೆನಪಾಗುತ್ತವೆ. ನನ್ನ ಬಾಲ್ಯದಲ್ಲಿ ಅದು ಭತ್ತದ ಗದ್ದೆಗಳ ನಡುವಣ ಒಂದು ಹಳ್ಳಿ. ನಮ್ಮ ಮನೆಯೊಳಗೆ ಕನ್ನಡ, ಓಣಿಗಿಳಿದರೆ ಮರಾಠಿ. ಬೇನೆ ಬಂದಾಗ ಮಾತ್ರ ಎರಡು ಭಾಷೆಗಳೂ ಒಂದೇ ಮಾತನ್ನು ಆಡುತ್ತಿದ್ದುವು: ದೇವಿ ಬಂದಿದ್ದಾಳೆ.

1956ರ ಬೇಸಿಗೆಯಲ್ಲಿ ನನಗೆ ಮೈಮೇಲೆ ನೀರುಗುಳ್ಳೆಗಳೆದ್ದುವು. ಆಗ ನನಗೆ ಆರು ವರ್ಷ. ಬೆಳಗಾವಿ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ನನ್ನನ್ನು ನಡುಮನೆಯ ಮೂಲೆಯಲ್ಲಿ ಬೇವಿನ ತಪ್ಪಲಿನ ಮೇಲೆ ಮಲಗಿಸಿದರು. ಬಾಗಿಲಿಗೆ ಬೇವಿನ ಟೊಂಗೆ ಕಟ್ಟಿದರು, ಒಗ್ಗರಣೆ ನಿಂತಿತು, ಹೊರಗಿನವರು ಒಳಗೆ ಬರುವುದು ನಿಂತಿತು. ಇದೆಲ್ಲ ಎಲ್ಲರ ಮನೆಯಲ್ಲಿಯೂ ನಡೆಯುತ್ತಿದ್ದ ಸಂಪ್ರದಾಯವೇ. ಆದರೆ ನಮ್ಮ ಅಜ್ಜಿ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದಳು. ದಿನವೂ ಬೆಳಗಿನ ಬೆಳಕು ಬಾಗಿಲಲ್ಲಿ ಬಿದ್ದೊಡನೆ ನನ್ನ ಎರಡು ಅಂಗೈಗಳನ್ನೂ ಎರಡು ಅಂಗಾಲುಗಳನ್ನೂ ಹಿಡಿದು, ಅಕ್ಕಿಯಲ್ಲಿ ಕಲ್ಲು ಹುಡುಕುವಷ್ಟು ಎಚ್ಚರದಿಂದ ನೋಡುತ್ತಿದ್ದಳು. ನೋಡಿ, "ಏನೂ ಇಲ್ಲ, ಸಣ್ಣಾಕೀನ ಅದಾಳ" ಎಂದು ನಿಟ್ಟುಸಿರು ಬಿಡುತ್ತಿದ್ದಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ನಮ್ಮ ಅಜ್ಜಿ ಮಾತ್ರ ಆ ಗಾದೆಯನ್ನು ಎಂದೂ ಆಡಿದ್ದು ನನಗೆ ನೆನಪಿಲ್ಲ. ಏಕೆಂಬುದು ನಾನು ದೊಡ್ಡವನಾದ ಮೇಲೆ ತಿಳಿಯಿತು.

ನನ್ನ ತಂದೆಗೆ ಒಬ್ಬಳು ತಂಗಿಯಿದ್ದಳಂತೆ. ಸ್ವಾತಂತ್ರ್ಯಕ್ಕೆ ಮುಂಚಿನ ಮಾತು. ಚಳಿಗಾಲದಲ್ಲಿ ಊರಿಗೆ ದೇವಿ ಹಾಕುವವನು ಬಂದಾಗ ಅಜ್ಜಿ ಆ ಕೂಸನ್ನು ಕಣಜದ ಹಿಂದೆ ಬಚ್ಚಿಟ್ಟಳು. ದೇವಿ ಹಾಕಿದರೆ ತೋಳು ಬಾಯುತ್ತದೆ, ಜ್ವರ ಬರುತ್ತದೆ, ಕೂಸು ರಾತ್ರಿಯೆಲ್ಲ ಅಳುತ್ತದೆ. ಮುಂದಿನ ವರ್ಷ ನೋಡಿದರಾಯಿತೆಂದು ಆಕೆಯ ಲೆಕ್ಕ. ಬೇಸಿಗೆ ಬರುವಷ್ಟರಲ್ಲಿ ಕೂಸಿನ ಮೈಮೇಲೆ ಗುಳ್ಳೆಗಳೆದ್ದುವು. ಊರಿನಲ್ಲಿ ಆಗ ಸೀತಾಳೆ ಆಡುತ್ತಿತ್ತು. ಇದೂ ಅದೇ ಎಂದು ಎಲ್ಲರೂ ತಿಳಿದರು. ಅಂಗೈ ಅಂಗಾಲುಗಳಲ್ಲಿ ಗಟ್ಟಿಯಾದ ಗುಳ್ಳೆಗಳು ತುಂಬಿದ್ದನ್ನು ಅಜ್ಜಿ ಕಂಡಿದ್ದಳು. ಆದರೆ ಅವುಗಳ ಅರ್ಥ ಅವಳಿಗೆ ಗೊತ್ತಿರಲಿಲ್ಲ. ಎರಡನೆಯ ವಾರದಲ್ಲಿ ಕೂಸು ತೀರಿಕೊಂಡಿತು. "ಸಣ್ಣಾಕಿ ಅಂತ ತಿಳದಿದ್ದೆ, ದೊಡ್ಡಾಕಿ ಆಗಿದ್ಲು" ಎಂದು ಅಜ್ಜಿ ಮುಪ್ಪಿನಲ್ಲಿಯೂ ಹೇಳಿಕೊಳ್ಳುತ್ತಿದ್ದಳು. ದೊಡ್ಡಾಕಿ ಎಂದರೆ ಸಿಡುಬು, ಮೈಲಿ. ಸಣ್ಣಾಕಿ ಎಂದರೆ ಸೀತಾಳೆ ಸಿಡುಬು. ನಮ್ಮ ನೆರೆಯ ಮರಾಠಿಯವರ ಕಾಂಜಿಣ್ಯಾ. ಇಂದಿನ ಮಕ್ಕಳೂ ಬಲ್ಲ ಚಿಕನ್ ಪಾಕ್ಸ್.

ಇವರಿಬ್ಬರನ್ನು ಅಕ್ಕತಂಗಿಯರೆಂದು ತಿಳಿದದ್ದು ನಮ್ಮ ಅಜ್ಜಿಯೊಬ್ಬಳ ಅಜ್ಞಾನವೆ? ಈ ಪ್ರಶ್ನೆಯನ್ನು ಹಿಡಿದು ನಾನು ಬಹಳ ಕಾಲ ಪುಸ್ತಕಗಳನ್ನು ತಿರುವಿಹಾಕಿದ್ದೇನೆ. ದೊರೆತ ಉತ್ತರ ಸೋಜಿಗದ್ದು. ಜಗತ್ತಿನ ದೊಡ್ಡ ದೊಡ್ಡ ವೈದ್ಯರೂ ಬಹುಕಾಲ ಅದೇ ಕಣಜದ ಹಿಂದೆ ಕುಳಿತವರೇ.

ಹೆಸರುಗಳನ್ನೇ ನೋಡಬಹುದು. ಸಿಡುಬಿಗೆ ಲ್ಯಾಟಿನ್ನಿನಲ್ಲಿ ವೇರಿಯೋಲಾ ಎಂದು ಹೆಸರು. ಸೀತಾಳೆಗೆ ವ್ಯಾರಿಸೆಲ್ಲಾ, ಅಂದರೆ ಕಿರಿಯ ವೇರಿಯೋಲಾ. ಅಲ್ಲಿಯೂ ದೊಡ್ಡಾಕಿ, ಸಣ್ಣಾಕಿಯರೇ. ಇಂಗ್ಲೆಂಡಿನ ರಿಚರ್ಡ್ ಮಾರ್ಟನ್ 1694ರಲ್ಲಿ ಇದನ್ನು ಸೌಮ್ಯವಾದ ಸಿಡುಬೆಂದೇ ಬರೆದ. ಚಿಕನ್ ಪಾಕ್ಸ್ ಎಂಬ ಹೆಸರಿಗೂ ಕೋಳಿಗೂ ಸಂಬಂಧವಿದ್ದಂತಿಲ್ಲ. ಅದರಿಂದ ಅಷ್ಟೊಂದು ಅಪಾಯವಿಲ್ಲವಾದ್ದರಿಂದ ಆ ಹೆಸರೆಂದು ಡಾಕ್ಟರ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಹೇಳಿದ್ದಾನೆ. ನಮ್ಮ ಸೀತಾಳೆ ಎಂಬ ಮಾತಿನಲ್ಲಿಯೋ ಶೀತಲಾದೇವಿಯ ಹೆಸರು ಕಿವಿಗೆ ಕೇಳಿಸುತ್ತದೆ. ಆಕೆ ಉತ್ತರ ಹಿಂದೂಸ್ಥಾನದಲ್ಲಿ ಸಿಡುಬಿನ ದೇವಿ.

ಈ ಅಕ್ಕತಂಗಿಯರ ಸಂಬಂಧವನ್ನು ಹರಿದವನು ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್. ಸೀತಾಳೆ ಬಂದು ಹೋದವರಿಗೆ ಸಿಡುಬು ಬರುವುದುಂಟು, ಸಿಡುಬು ಬಂದು ಹೋದವರಿಗೂ ಸೀತಾಳೆ ಬರುವುದುಂಟು. ಆದ್ದರಿಂದ ಇವೆರಡೂ ಬೇರೆ ಬೇರೆ ಬೇನೆಗಳು ಎಂದು ಅವನು 1767ರಲ್ಲಿ ಅಲ್ಲಿಯ ವೈದ್ಯರ ಸಂಘದ ಮುಂದೆ ವಾದಿಸಿದ. ಸರಳವಾದ ವಾದ. ಆದರೂ ಅದು ಎಲ್ಲರಿಗೂ ಒಪ್ಪಿಗೆಯಾಗಲು ನೂರು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಚರ್ಮರೋಗಗಳಲ್ಲಿ ಯುರೋಪಿಗೇ ಗುರುವೆನಿಸಿದ್ದ ವಿಯೆನ್ನಾದ ಹೆಬ್ರಾ, ಎರಡೂ ಒಂದೇ ಬೇನೆಯ ಎರಡು ರೂಪಗಳೆಂದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೂ ಬೋಧಿಸುತ್ತಿದ್ದ. ಹೀಗಿರುವಾಗ ಮಚ್ಛೆಯ ಒಬ್ಬ ಒಕ್ಕಲಗಿತ್ತಿಯನ್ನು ಯಾರು ಹಳಿಯಬೇಕು?

ವಾದ ಪಂಡಿತರದಾಗಿದ್ದರೂ ಅದರ ಫಲವನ್ನು ಉಂಡವರು ಮಕ್ಕಳು. 1796ರಲ್ಲಿ ಎಡ್ವರ್ಡ್ ಜೆನ್ನರ್ ಗೋಸಿಡುಬಿನ ಕೀವಿನಿಂದ ಸಿಡುಬನ್ನು ತಡೆಯುವ ದಾರಿಯನ್ನು ತೋರಿಸಿದ. ಆ ಲಸಿಕೆ ವಿಯೆನ್ನಾ, ಕಾನ್‍ಸ್ಟಾಂಟಿನೋಪಲ್, ಬಾಗ್ದಾದ್, ಬಸ್ರಾಗಳ ದಾರಿಯಿಂದ ಮುಂಬಯಿಗೆ ಬಂತು. 1802ರ ಜೂನ್ 14ರಂದು ಅಲ್ಲಿ ಆ್ಯನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿನಲ್ಲಿ ಅದು ಹತ್ತಿತು. ಹಿಂದೂಸ್ಥಾನದಲ್ಲಿ ಫಲಿಸಿದ ಮೊದಲ ಲಸಿಕೆ ಅದು. ಆಗ ಲಸಿಕೆಯನ್ನು ಕಾದಿಡುವ ಸೀಸೆಗಳಿರಲಿಲ್ಲ. ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಇನ್ನೊಂದು ಮಗುವಿನ ತೋಳಿಗೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸಬೇಕಾಗಿತ್ತು. ಹೀಗೆ ತೋಳಿನಿಂದ ತೋಳಿಗೆ ನಡೆದು ಲಸಿಕೆ ಪುಣೆ, ಹೈದರಾಬಾದು, ಮದ್ರಾಸುಗಳನ್ನು ಮುಟ್ಟಿತು. ಮೈಸೂರು ಅರಮನೆಯ ಮೂವರು ಸ್ತ್ರೀಯರನ್ನು ಥಾಮಸ್ ಹಿಕ್ಕಿ ಎಂಬ ಚಿತ್ರಕಾರ 1805ರ ಸುಮಾರಿಗೆ ಬಿಡಿಸಿದ್ದಾನೆ. ಅವರಲ್ಲೊಬ್ಬಳು ಸೆರಗನ್ನು ಸರಿಸಿ ತೋಳನ್ನು ಸೂಚಿಸುತ್ತಿರುವುದು ಲಸಿಕೆಯ ಗುರುತನ್ನು ಪ್ರಜೆಗಳಿಗೆ ತೋರಿಸುವುದಕ್ಕೆ ಎಂದು ಇತಿಹಾಸಕಾರರು ಅರ್ಥ ಮಾಡಿದ್ದಾರೆ.

ಇಲ್ಲಿ ಸಣ್ಣಾಕಿ ಅಡ್ಡ ಬಂದಳು. ಲಸಿಕೆ ಹಾಕಿಸಿಕೊಂಡ ಮಗುವಿಗೆ ವರ್ಷದೊಳಗೆ ಸೀತಾಳೆ ಬಂದರೆ ತಾಯಿತಂದೆಯರು ಏನೆಂದಾರು? ದೇವಿ ಹಾಕಿಸಿದರೂ ದೇವಿ ಬಂದಳು, ಲಸಿಕೆ ಸುಳ್ಳು ಎನ್ನುತ್ತಾರೆ. ಇಂಗ್ಲೆಂಡಿನಲ್ಲಿಯೂ ಹಾಗೆಯೇ ಎಂದರು. ಎರಡು ಬೇನೆಗಳಿಗೆ ಒಂದೇ ಹೆಸರಿದ್ದರೆ, ಒಂದನ್ನು ತಡೆದ ಮದ್ದು ಇನ್ನೊಂದರ ಅಪವಾದವನ್ನು ಹೊರಬೇಕಾಗುತ್ತದೆ.

ಇನ್ನು ನಮ್ಮ ಬೆಳಗಾವಿಗೆ ಬರೋಣ. ಮಚ್ಛೆಯಿಂದ ಖಾನಾಪುರ ರಸ್ತೆ ಹಿಡಿದು ಪಟ್ಟಣಕ್ಕೆ ಹೋದರೆ ಟಿಳಕವಾಡಿಯಲ್ಲಿ ದೊಡ್ಡ ಮರಗಳ ಒಂದು ವಿಶಾಲವಾದ ಆವರಣವುಂಟು. ಜನ ಅದನ್ನು ವ್ಯಾಕ್ಸಿನ್ ಡಿಪೊ ಎಂದು ಕರೆಯುತ್ತಾರೆ. ಅಲ್ಲಿ ವಾಯುಸೇವನೆಗೆ ಬರುವವರಲ್ಲಿ ಆ ಹೆಸರಿನ ಅರ್ಥವನ್ನು ವಿಚಾರಿಸಿದವರು ಹೆಚ್ಚಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮುಂಬಯಿ ಸರ್ಕಾರ ತನ್ನ ಪ್ರಾಂತಕ್ಕೆ ಬೇಕಾದ ಸಿಡುಬಿನ ಲಸಿಕೆಯನ್ನು ತಯಾರಿಸಲು ಕಟ್ಟಿಸಿದ ಸಂಸ್ಥೆ ಅದು. ಮಕ್ಕಳ ತೋಳಿನಿಂದ ತೋಳಿಗೆ ದಾಟಿಸುತ್ತಿದ್ದಾಗ ಬೇರೆ ರೋಗಗಳೂ ದಾಟುತ್ತಿದ್ದುವು. ಆ ಭಯವನ್ನು ಹೋಗಲಾಡಿಸಿದ್ದು ಕರುವಿನ ಲಸಿಕೆ. ಆರೋಗ್ಯವಾದ ಕರುವನ್ನು ಆರಿಸಿ, ಅದರ ಮೈ ತೊಳೆದು, ಕೂದಲು ಬೋಳಿಸಿ, ಚರ್ಮವನ್ನು ಹಗುರಾಗಿ ಗೀರಿ ಲಸಿಕೆಯ ಬೀಜವನ್ನು ಬಿತ್ತುತ್ತಿದ್ದರು. ನಾಲ್ಕೈದು ದಿನಗಳ ಮೇಲೆ ಎದ್ದ ಗುಳ್ಳೆಗಳ ತಿರುಳನ್ನು ಕೆರೆದು ತೆಗೆದು, ಅರೆದು, ಗ್ಲಿಸರಿನ್ನಿನಲ್ಲಿ ಬೆರೆಸಿ, ಸಣ್ಣ ನಳಿಗೆಗಳಲ್ಲಿ ತುಂಬುತ್ತಿದ್ದರು.

ಆ ರಸಕ್ಕೆ ಬಿಸಿಲೇ ಶತ್ರು. ನಮ್ಮ ಬೇಸಿಗೆಯಲ್ಲಿ ಕೆಲವೇ ದಿನಗಳಲ್ಲಿ ಅದು ಸತ್ತು ಹೋಗುತ್ತಿತ್ತು. ದೇವಿ ಹಾಕುವವರು ಚಳಿಗಾಲದಲ್ಲಿಯೇ ಹಳ್ಳಿ ಹಳ್ಳಿಗೆ ಬರುತ್ತಿದ್ದುದು ಈ ಕಾರಣದಿಂದ. ಒಂದು ಚಳಿಗಾಲ ತಪ್ಪಿಸಿಕೊಂಡ ಕೂಸು ಮುಂದಿನ ಚಳಿಗಾಲದವರೆಗೆ ದೇವಿಯ ಕೈಗೂಸು. ನನ್ನ ಸೋದರತ್ತೆಯಾಗಬೇಕಾಗಿದ್ದ ಆ ಕೂಸನ್ನು ಬಚ್ಚಿಟ್ಟ ಕಣಜದಿಂದ ಆ ಡಿಪೊ ಚಕ್ಕಡಿಯಲ್ಲಿ ಎರಡು ತಾಸಿನ ದಾರಿ. ಮದ್ದು ಅಷ್ಟು ಸಮೀಪದಲ್ಲಿತ್ತು ಎಂಬ ಮಾತನ್ನು ನನ್ನಿಂದ ಇಂದಿಗೂ ಸಮಾಧಾನದಿಂದ ಹೇಳಲಾಗುವುದಿಲ್ಲ.

ಕಾಲ ಬದಲಾಯಿತು. ಒಣಗಿಸಿ ಪುಡಿಮಾಡಿದ ಲಸಿಕೆ ಬಂತು. ಅದು ಸೆಕೆಯಲ್ಲಿಯೂ ಒಂದು ತಿಂಗಳು ಕೆಡದೆ ಉಳಿಯುತ್ತಿತ್ತು. ಭಾರತ ಸರ್ಕಾರ 1962ರಲ್ಲಿ ಸಿಡುಬು ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿತು. ಮೊದಲು ಸೋವಿಯತ್ ದೇಶ ಲಸಿಕೆಯನ್ನು ದಾನವಾಗಿ ಕೊಟ್ಟಿತು. ಮುಂದೆ ದೇಶದಲ್ಲಿಯೇ ನಾಲ್ಕು ಕಡೆ ಒಣ ಲಸಿಕೆ ತಯಾರಾಗತೊಡಗಿತು: ನೈನಿತಾಲಿನ ಬಳಿಯ ಪಟ್ವಾಡಾಂಗರ್, ಮದ್ರಾಸಿನ ಗಿಂಡಿ, ಹೈದರಾಬಾದು, ಮತ್ತು ನಮ್ಮ ಬೆಳಗಾವಿ. ನನ್ನ ತಲೆಮಾರಿನವರ ತೋಳುಗಳಲ್ಲಿ ಕಾಣುವ ದುಂಡನೆಯ ಕಲೆಗಳು ಆ ಕಾಲದ ಮುದ್ರೆಗಳು. ತೋಳಿನ ಮೇಲೆ ಊರಿ ಗಿರಕಿ ಹೊಡೆಸುವ ಚಕ್ರದ ಸೂಜಿಯ ನೋವನ್ನು ಮರೆತವರು ನಮ್ಮಲ್ಲಿ ಯಾರೂ ಇರಲಾರರು. ಎರಡು ಮೊನೆಗಳ ಸೂಜಿ ಬಂದದ್ದು ಅನಂತರ.

ಕಾರ್ಯಕ್ರಮ ಕೊನೆಯ ಘಟ್ಟಕ್ಕೆ ಬಂದಾಗ ಕಷ್ಟ ಬೇರೆಯಾಯಿತು. ಲಸಿಕೆಯಿದೆ, ಜನರಿದ್ದಾರೆ, ಆದರೆ ಬೇನೆ ಎಲ್ಲಿದೆ? ಕಾರ್ಯಕರ್ತರು ಮನೆ ಮನೆಗೆ ಹೋಗಿ, ಸಿಡುಬಾದ ಮಗುವಿನ ಚಿತ್ರವಿದ್ದ ಕಾರ್ಡನ್ನು ತೋರಿಸಿ, ಇಂಥ ಬೇನೆ ಎಲ್ಲಿಯಾದರೂ ಕಂಡಿರಾ ಎಂದು ಕೇಳಿದರು. ತಿಳಿಸಿದವರಿಗೆ ಬಹುಮಾನವಿತ್ತು, ಅದು ಏರುತ್ತ ಏರುತ್ತ ಸಾವಿರ ರೂಪಾಯಿಗಳವರೆಗೆ ಹೋಯಿತು. ಜನ ಬಂದು ತಿಳಿಸಿದರು. ಹೋಗಿ ನೋಡಿದರೆ ಮತ್ತೆ ಮತ್ತೆ ಸೀತಾಳೆ! ಆದರೂ ನೋಡದೆ ಬಿಡುವಂತಿರಲಿಲ್ಲ. ನೂರು ಸೀತಾಳೆಗಳ ನಡುವೆ ಒಂದು ಸಿಡುಬು ಅಡಗಿದ್ದರೆ ವರ್ಷಗಳ ಶ್ರಮವೆಲ್ಲ ನೀರುಪಾಲು. ಸೀತಾಳೆಯಿಂದ ಸಾವಾಯಿತೆಂದರೆ ವೈದ್ಯರು ಓಡುತ್ತಿದ್ದರು. ಸಂಶಯ ಬಂದರೆ ಹೊಪ್ಪಳಿಕೆಗಳನ್ನು ಪ್ರಯೋಗಶಾಲೆಗೆ ಕಳಿಸುತ್ತಿದ್ದರು.

ಆ ಕಾರ್ಯಕರ್ತರಿಗೆ ಕಲಿಸಿದ ಗುರುತುಗಳು ಇವು. ಸಿಡುಬಿನಲ್ಲಿ ಎರಡು ಮೂರು ದಿನ ಕಡುಜ್ವರ ಬಂದು ಆಮೇಲೆ ಗುಳ್ಳೆ. ಸೀತಾಳೆಯಲ್ಲಿ ಜ್ವರ ಗುಳ್ಳೆಗಳು ಹೆಚ್ಚು ಕಡಮೆ ಒಟ್ಟಿಗೆ. ಸಿಡುಬಿನ ಗುಳ್ಳೆ ಮುಖ, ಕೈ, ಕಾಲುಗಳಲ್ಲಿ ದಟ್ಟ; ಸೀತಾಳೆಯದು ಎದೆ, ಹೊಟ್ಟೆ, ಬೆನ್ನಿನಲ್ಲಿ ಹೆಚ್ಚು. ಸಿಡುಬಿನವು ಆಳವಾಗಿ, ಗಟ್ಟಿಯಾಗಿ, ಒಂದು ಭಾಗದಲ್ಲಿ ಎಲ್ಲವೂ ಒಂದೇ ಹದದಲ್ಲಿ ಇರುತ್ತವೆ. ಸೀತಾಳೆಯವು ಎಲೆಯ ಮೇಲಿನ ಇಬ್ಬನಿಯಂತೆ ಮೇಲ್ಮೇಲೆ ನಿಂತು, ಒಂದು ಕಡೆ ಮೂಡುತ್ತ ಇನ್ನೊಂದು ಕಡೆ ಒಣಗುತ್ತ ಇರುತ್ತವೆ. ಕೊನೆಯದಾಗಿ, ಅಂಗೈ ಅಂಗಾಲುಗಳನ್ನು ನೋಡಬೇಕು: ಸಿಡುಬು ಅಲ್ಲಿಗೂ ಇಳಿಯುತ್ತದೆ, ಸೀತಾಳೆ ಸಾಮಾನ್ಯವಾಗಿ ಇಳಿಯುವುದಿಲ್ಲ. ಈ ಸಾಲನ್ನು ಮೊದಲ ಬಾರಿಗೆ ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಒಂದು ಕೂಸನ್ನು ಕೊಟ್ಟು ನಮ್ಮ ಅಜ್ಜಿ ಕಲಿತ ಪಾಠ ಅಲ್ಲಿ ಅಚ್ಚಾಗಿತ್ತು.

1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬು ಕಂಡಿತು. 1977ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಸಮಿತಿ ನಮ್ಮ ದೇಶವನ್ನು ಸಿಡುಬು ಮುಕ್ತವೆಂದು ಪ್ರಮಾಣೀಕರಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೊಮಾಲಿಯದ ಮೆರ್ಕಾ ಪಟ್ಟಣದ ಆಸ್ಪತ್ರೆಯೊಂದರ ಅಡಿಗೆಯವ ಅಲಿ ಮಾವ್ ಮಾಲಿನ್ ಎಂಬ ತರುಣನಿಗೆ ಜ್ವರ ಬಂತು. ಮಲೇರಿಯಾ ಎಂದರು, ಗುಳ್ಳೆ ಎದ್ದ ಮೇಲೆ ಸೀತಾಳೆ ಎಂದು ಮನೆಗೆ ಕಳಿಸಿದರು. ಅದು ಸಿಡುಬಾಗಿತ್ತು! ಸಹಜವಾಗಿ ಹರಡಿದ ಸಿಡುಬಿಗೆ ಭೂಮಿಯ ಮೇಲೆ ಸಿಕ್ಕ ಕೊನೆಯ ಮನುಷ್ಯ ಅವನೇ. ಸೂಜಿಯ ನೋವಿಗೆ ಅಂಜಿ ಲಸಿಕೆಯನ್ನು ತಪ್ಪಿಸಿಕೊಂಡಿದ್ದೆನೆಂದು ಅವನು ಮುಂದೆ ತಾನೇ ಒಪ್ಪಿಕೊಂಡ. ಬದುಕಿ ಉಳಿದು, ಪೋಲಿಯೋ ಲಸಿಕೆಯ ಪ್ರಚಾರದಲ್ಲಿ ದುಡಿಯುತ್ತ 2013ರಲ್ಲಿ ತೀರಿಕೊಂಡ. ಮೂರು ಸಾವಿರ ವರ್ಷಗಳ ಬೇನೆ ತನ್ನ ಕೊನೆಯ ಊರಿನಲ್ಲಿಯೂ ತಂಗಿಯ ಸೀರೆಯನ್ನುಟ್ಟು ತಪ್ಪಿಸಿಕೊಳ್ಳಲು ನೋಡಿತು. 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆಯ ಸಭೆ ದೊಡ್ಡಾಕಿ ಹೋದಳೆಂದು ಸಾರಿತು.

ಸಣ್ಣಾಕಿ ಉಳಿದಳು. ಅಕ್ಕ ಬಿಟ್ಟುಹೋದ ಮನೆ, ಹೆಸರು, ಬೇವು, ಭಕ್ತಿ ಎಲ್ಲವೂ ಅವಳ ಪಾಲಿಗೆ ಬಂದುವು. ಈಗ ನಮ್ಮ ಕಡೆ ದೇವಿ ಬಂದಿದ್ದಾಳೆ ಎಂದರೆ ಅದು ಸೀತಾಳೆಯೇ. ಆದರೆ ವಿಜ್ಞಾನ ಹೇಳುವಂತೆ ಇವಳು ಅವಳ ತಂಗಿಯೇ ಅಲ್ಲ, ಕುಲವೇ ಬೇರೆ. ಇವಳ ನಿಜವಾದ ನಂಟು ಸರ್ಪಸುತ್ತಿನೊಡನೆ. ಸರ್ಪಸುತ್ತಾದ ಹಿರಿಯರಿರುವ ಮನೆಯಲ್ಲಿ ಮಕ್ಕಳಿಗೆ ಸೀತಾಳೆ ಬರುವುದನ್ನು ಹಂಗೆರಿಯ ಬೋಕಾಯ್ ಎಂಬ ವೈದ್ಯ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗಮನಿಸಿದ. ಎರಡಕ್ಕೂ ಒಂದೇ ವಿಷಾಣು ಕಾರಣವೆಂದು ಅಮೆರಿಕದ ಥಾಮಸ್ ವೆಲ್ಲರ್ 1950ರ ದಶಕದಲ್ಲಿ ತೋರಿಸಿದ. ಬಾಲ್ಯದಲ್ಲಿ ಬಂದ ಸೀತಾಳೆ ಮೈಯಿಂದ ಪೂರ್ತಿ ಹೋಗುವುದಿಲ್ಲ. ನರಗಳ ಗಂಟುಗಳಲ್ಲಿ ನಿದ್ರಿಸಿ, ಮುಪ್ಪಿನಲ್ಲಿ ಸರ್ಪಸುತ್ತಾಗಿ ಎದ್ದರೂ ಎದ್ದೀತು.

ಇವಳನ್ನು ತಡೆಯುವ ಲಸಿಕೆಯೂ ಒಬ್ಬ ತಂದೆಯ ಸಂಕಟದಿಂದ ಹುಟ್ಟಿತು. ಜಪಾನಿನ ಮಿಚಿಯಾಕಿ ತಕಹಾಶಿ 1964ರಲ್ಲಿ ಅಮೆರಿಕದಲ್ಲಿದ್ದಾಗ ಅವರ ಪುಟ್ಟ ಮಗನಿಗೆ ಸೀತಾಳೆಯಾಗಿ ಉಸಿರಾಟವೇ ಕಷ್ಟವಾಯಿತು. ಹತ್ತು ವರ್ಷಗಳ ಮೇಲೆ, 1974ರಲ್ಲಿ, ಅವರು ತಮ್ಮ ಲಸಿಕೆಯ ವಿವರವನ್ನು ಪ್ರಕಟಿಸಿದರು. ಅದರ ಮೂಲಬೀಜ ಓಕಾ ಎಂಬ ಮನೆತನದ ಮೂರು ವರ್ಷದ ಹುಡುಗನ ಗುಳ್ಳೆಯಿಂದ ಬಂದದ್ದು. ಇಂದಿಗೂ ಅದನ್ನು ಓಕಾ ತಳಿಯೆಂದೇ ಕರೆಯುತ್ತಾರೆ. ಭಾರತದಲ್ಲಿ ಈ ಲಸಿಕೆ ದೊರೆಯುತ್ತದೆ. ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಅದು ಸೇರಿಲ್ಲವಾದ್ದರಿಂದ ತಾಯಿತಂದೆಯರೇ ಹಣ ಕೊಟ್ಟು ಹಾಕಿಸಬೇಕು. ಒಂದೂಕಾಲು ವರ್ಷದ ಸುಮಾರಿಗೆ ಮೊದಲನೆಯದನ್ನು, ಆಮೇಲೆ ಎರಡನೆಯದನ್ನು ಹಾಕಿಸಬೇಕೆಂಬುದು ಮಕ್ಕಳ ವೈದ್ಯರ ಸಲಹೆ. ಟಿಳಕವಾಡಿಯ ಡಿಪೊದಿಂದ ನಮ್ಮ ತೋಳಿಗೆ ಬಂದ ಕಲೆ ಸೀತಾಳೆಯನ್ನು ತಡೆಯುವುದಿಲ್ಲ ಎಂಬುದನ್ನು ಹಿರಿಯರಿಗೆ ತಿಳಿಸಿ ಹೇಳಬೇಕಾಗಿದೆ.

ಸೌಮ್ಯಳೆಂದು ಹೆಸರಾದ ಈಕೆ ಎಲ್ಲರಿಗೂ ಸೌಮ್ಯಳಲ್ಲ. ಆರೋಗ್ಯವಾದ ನಾಲ್ಕೈದು ವರ್ಷದ ಮಗುವಿಗೆ ವಾರ ಹತ್ತು ದಿನಗಳ ತುರಿಕೆ, ಅಷ್ಟೇ. ಆದರೆ ನಮ್ಮಂಥ ಸೆಕೆಯ ನಾಡುಗಳಲ್ಲಿ ಬಾಲ್ಯದಲ್ಲಿ ಸೀತಾಳೆ ಬಾರದೆ ಪ್ರಾಯಕ್ಕೆ ಬರುವವರು ಚಳಿಯ ದೇಶಗಳಿಗಿಂತ ಹೆಚ್ಚು; ಅವರಲ್ಲಿ ಗರ್ಭಿಣಿಯರೂ ಇರುತ್ತಾರೆ. ತಾಯಿಗೆ ಹೆರಿಗೆಯ ಐದು ದಿನ ಮುಂಚಿನಿಂದ ಎರಡು ದಿನ ಅನಂತರದವರೆಗೆ ಗುಳ್ಳೆ ಎದ್ದರೆ, ಆಕೆಯ ರಕ್ತದ ರಕ್ಷೆ ಕೂಸಿಗೆ ಇಳಿಯುವ ಮೊದಲೇ ಬೇನೆ ಇಳಿದಿರುತ್ತದೆ. ಚಿಕಿತ್ಸೆಯಿಲ್ಲದ ಕಾಲದಲ್ಲಿ ಅಂಥ ಕೂಸುಗಳು ನೂರರಲ್ಲಿ ಇಪ್ಪತ್ತು ಮೂವತ್ತು ಸಾಯುತ್ತಿದ್ದುವೆಂದು ಲೆಕ್ಕ. ಈಗ ಮದ್ದುಗಳಿವೆ, ಆದರೆ ಅವು ತಡಮಾಡದೆ ಸಿಗಬೇಕು. ಇನ್ನೊಂದು ಮಾತು: ಸೀತಾಳೆಯಾದ ಮಕ್ಕಳಿಗೆ ಜ್ವರಕ್ಕೆಂದು ಆಸ್ಪಿರಿನ್ ಕೊಡಲೇಬಾರದು, ಅದರಿಂದ ಮಿದುಳು ಮತ್ತು ಯಕೃತ್ತಿಗೆ ಗಂಡಾಂತರವಾದೀತು.

ಹಳೆಯ ಪ್ರಶ್ನೆ ಮುಗಿಯಿತೆಂದುಕೊಳ್ಳುವಷ್ಟರಲ್ಲಿ 2022ರ ಜುಲೈನಲ್ಲಿ ಕೇರಳದಲ್ಲಿ ಮಂಗನ ಸಿಡುಬಿನ ಮೊದಲ ರೋಗಿ ಸಿಕ್ಕಿದ. ಇದು ದೊಡ್ಡಾಕಿಯ ಕುಲಕ್ಕೆ ಸೇರಿದ್ದು. ಅಂಗೈ ಅಂಗಾಲುಗಳಿಗೂ ಇಳಿಯುವಂಥದು. ನಮ್ಮ ದೇಶದಲ್ಲಿ ಆಗ ಸಂಶಯಪಟ್ಟು ಪರೀಕ್ಷಿಸಿದವರಲ್ಲಿ ಕೆಲವರಿಗೆ ಇದ್ದದ್ದು ಸೀತಾಳೆ. ವೈದ್ಯರು ಮತ್ತೆ ಅಂಗೈಗಳನ್ನು ನೋಡತೊಡಗಿದರು.

ಕಳೆದ ಬೇಸಿಗೆಯಲ್ಲಿ ಮಚ್ಛೆಯ ನಮ್ಮ ಮನೆಗೆ ಸಣ್ಣಾಕಿ ಬಂದಳು. ನಾಲ್ಕು ವರ್ಷದ ಮೊಮ್ಮಗನ ಮೈಯೆಲ್ಲ ಗುಳ್ಳೆ. ಅದೇ ವಾರ ನನ್ನ ತಮ್ಮನ ಮಗಳು ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬರುವವಳಿದ್ದಳು. ಆಕೆಗೆ ಬಾಲ್ಯದಲ್ಲಿ ಸೀತಾಳೆ ಆಗಿರಲಿಲ್ಲ. ದೇವಿ ಬಂದ ಮನೆಗೆ ಬಸುರಿ ಬರಬಾರದು ಎಂದು ನೆರೆಯ ಮುದುಕಿ ಹೇಳಿದಳು. ಗುಳ್ಳೆಗಳೆಲ್ಲ ಒಣಗಿ ಹೊಪ್ಪಳಿಕೆ ಕಟ್ಟುವವರೆಗೆ ಬರಬಾರದು ಎಂದು ವೈದ್ಯರು ಹೇಳಿದರು. ಇಬ್ಬರ ಮಾತೂ ಒಂದೇ ಆಯಿತು. ಹುಡುಗಿಯನ್ನು ಬೇರೊಂದು ಮನೆಯಲ್ಲಿ ಇರಿಸಿದೆವು. ಈಗ ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ನಮ್ಮ ಮನೆಯ ಬಾಗಿಲಿಗೆ ಆಗ ಬೇವಿನ ಟೊಂಗೆಯನ್ನು ಕಟ್ಟಿದ್ದರು. ನಾನು ಬೇಡವೆನ್ನಲಿಲ್ಲ. ಒಳಗೆ ಬೇನೆಯಿದೆ, ದೂರ ಇರಿ ಎಂದು ಓದು ಬಾರದವರಿಗೂ ತಿಳಿಯುವಂತೆ ಬರೆದ ಹಲಗೆ ಅದು. ಆದರೆ ವೈದ್ಯರನ್ನು ಕರೆಯುವುದನ್ನು ಆ ಟೊಂಗೆ ತಡೆಯಬಾರದು. ದಿನವೂ ಬೆಳಿಗ್ಗೆ ನಾನು ಮೊಮ್ಮಗನನ್ನು ಬೆಳಕಿಗೆ ಕರೆತಂದು ಅಂಗೈ ತೋರಿಸೆನ್ನುತ್ತಿದ್ದೆ. ಸಿಡುಬು ಇನ್ನು ಬರುವಂತಿಲ್ಲವೆಂಬುದು ನನಗೆ ಗೊತ್ತಿತ್ತು. ಆದರೂ ನೋಡುತ್ತಿದ್ದೆ. ಮಗು ನಗುತ್ತ ಎರಡೂ ಕೈಗಳನ್ನು ಚಾಚುತ್ತಿತ್ತು, ಅಂಗೈಗಳು ಸ್ವಚ್ಛವಾಗಿದ್ದುವು.